ವಸಂತ ಎಂಬ ವದಂತಿ

ಬಾಸ್ಟನ್ನಿನಲ್ಲಿ ಏಪ್ರಿಲ್ ತಿಂಗಳ ಹವಾಮಾನ ಹೇಳುವ ನೌಕರಿ ನನ್ನ ಶತ್ರುವಿಗೂ ಬೇಡ. ಜನವರಿಯಲ್ಲಿ ಅವರಿಗೇನೂ ಚಿಂತೆಯಿಲ್ಲ, ‘ಚಳಿ’ ಎಂದರೆ ಮುಗಿಯಿತು. ಜುಲೈಯಲ್ಲಿ ‘ಸೆಕೆ, ಸಂಜೆಗೆ ಗುಡುಗಿದರೂ ಗುಡುಗೀತು’ ಎಂದರೆ ಆ ದಿನದ ಸಂಬಳ ದಕ್ಕಿತು. ನಡುವೆ ಈ ವಸಂತ ಅನ್ನುವುದೊಂದು ಬರುತ್ತದಲ್ಲ, ಅಥವಾ ಬರುತ್ತದೆಂದು ವದಂತಿ ಹಬ್ಬುತ್ತದಲ್ಲ, ಆಗ ನೋಡಬೇಕು ಅವರ ಪಾಡು. ಟೀವಿಯಲ್ಲಿ ನಕ್ಷೆಯ ಮುಂದೆ ನಿಂತು, ಕೈ ಬೀಸಿ, ಹಲ್ಲು ಕಿರಿದು ಹೇಳುತ್ತಾರೆ: ‘ನಾಳೆ ಎಪ್ಪತ್ತು ಡಿಗ್ರಿ!’ ಆಮೇಲೆ ದನಿ ತಗ್ಗಿಸಿ, ಸಾಲ ಕೇಳುವವರ ಮುಖ ಮಾಡಿ, ‘ಕರಾವಳಿಯಲ್ಲಿ ಸ್ವಲ್ಪ ತಂಪು.’ ಬಾಸ್ಟನ್ ಇರುವುದೇ ಕರಾವಳಿಯಲ್ಲಿ ಸ್ವಾಮಿ! ಅಂದಮೇಲೆ ಆ ಎಪ್ಪತ್ತು ಡಿಗ್ರಿ ಯಾರಿಗೆ? ಬಾಸ್ಟನ್ನಿನವರನ್ನು ಬಿಟ್ಟು ಮಿಕ್ಕವರಿಗೆ.

(ಇಲ್ಲಿ ಡಿಗ್ರಿ ಅಂದರೆ ಫ್ಯಾರನ್‌ಹೀಟ್. ಎಪ್ಪತ್ತು ಎಂದರೆ ನಮ್ಮ 21. ‘ಸ್ವಲ್ಪ ತಂಪು’ ಎಂದರೆ ಅವರ 48, ನಮ್ಮ 9. ಈ ‘ಸ್ವಲ್ಪ’ಕ್ಕೆ ಎಷ್ಟು ಹಿಗ್ಗುವ ಗುಣವಿದೆ ನೋಡಿ.)

ಹೀಗಾಗಿ ಬಯ್ಗುಳ. ರೈಲಿನಲ್ಲಿ, ಅಂಗಡಿಯಲ್ಲಿ, ಆಫೀಸಿನ ಕಾಫಿ ಯಂತ್ರದ ಮುಂದೆ, ಎಲ್ಲೆಲ್ಲೂ ಬಯ್ಗುಳ. ‘ದಿನಾ ತಪ್ಪು ಮಾಡಿದರೂ ಸಂಬಳ ಬರುವ ಕೆಲಸ ಇದೊಂದೇ’ ಎಂಬ ಜೋಕನ್ನು ಪ್ರತಿಯೊಬ್ಬನೂ ತಾನೇ ಇವತ್ತು ಬೆಳಿಗ್ಗೆ ಕಂಡುಹಿಡಿದವನಂತೆ ಹೇಳುತ್ತಾನೆ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರೂ ಹೇಳುತ್ತಾರೆ. ಶುಕ್ರವಾರ ಸಂಜೆ ಬಗ್ ತುಂಬಿದ ಕೋಡ್ ತಳ್ಳಿ ಸೋಮವಾರ ಸಂಬಳ ಎಣಿಸುವವರು! ನಾನಂತೂ ಹವಾಮಾನದವರ ಪಕ್ಷ. ಅವರಿಗೆ ಹವಾಮಾನ ತಿಳಿಯುವುದಿಲ್ಲ ಎಂದೇನಲ್ಲ. ಈ ಊರಿನ ವಸಂತಕ್ಕೆ ಒಂದು ಹವಾಮಾನ ಅಂತ ಇಲ್ಲ. ಎರಡಿವೆ, ಎರಡಕ್ಕೂ ಜಗಳ, ಜಗಳದ ಗಡಿ ದಿನಕ್ಕೆರಡು ಸಲ ಜರುಗುತ್ತದೆ.

ಸಂಗತಿ ಇಷ್ಟೇ. ಏಪ್ರಿಲ್ 20ರ ಸೂರ್ಯ ಆಕಾಶದಲ್ಲಿ ಆಗಸ್ಟ್ 22ರ ಸೂರ್ಯನಷ್ಟೇ ಎತ್ತರ ಏರುತ್ತಾನೆ. ನೆಲ ಅವನ ಮಾತು ಕೇಳಿ ಬೇಗ ಕಾಯುತ್ತದೆ. ಕಡಲು ಕೇಳುವುದಿಲ್ಲ. ಅದರ ಹೊಟ್ಟೆಯಲ್ಲಿ ಇನ್ನೂ ಫೆಬ್ರವರಿ ಕೂತಿದೆ. ಆ ಹೊತ್ತಿಗೆ ಬಂದರಿನ ನೀರು ಆರೇಳು ಡಿಗ್ರಿ ಸೆಲ್ಸಿಯಸ್. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿದರೆ, ತೆರವಾದ ಜಾಗಕ್ಕೆ ಕಡಲ ಮೇಲಿನ ತಣ್ಣನೆ ಗಾಳಿ ನುಗ್ಗಿ ಬರುತ್ತದೆ. ಕಡಲ ಗಾಳಿ ಎಲ್ಲ ಕರಾವಳಿಯಲ್ಲೂ ಇದೆ. ಆದರೆ ನೆಲಕ್ಕೂ ನೀರಿಗೂ ಇಷ್ಟು ಅಂತರ ಬೀಳುವುದು ಇಲ್ಲಿ ವಸಂತದಲ್ಲೇ. ಬಿಸಿಲು ಹೆಚ್ಚಿದಷ್ಟೂ ಚಳಿಗಾಳಿ ಬರುವ ಸಂಭವ ಹೆಚ್ಚು. ಎಂಥ ನ್ಯಾಯ!

ಇದನ್ನು ಕಣ್ಣಾರೆ ಕಾಣಬೇಕಿದ್ದರೆ ಪಬ್ಲಿಕ್ ಗಾರ್ಡನ್ನಿಗೆ ಹೋಗಿ. ಅಲ್ಲಿನ ಕೊಳದಲ್ಲಿ 1877ರಿಂದ ಹಂಸದೋಣಿಗಳು ಓಡುತ್ತಿವೆ. ವರ್ಷದ ಸವಾರಿ ಏಪ್ರಿಲ್ ನಡುವಿನಲ್ಲಿ ಶುರು. ದೋಣಿಯ ಹಿಂಭಾಗದಲ್ಲಿ ದೊಡ್ಡದೊಂದು ಬಿಳಿ ಹಂಸ, ಅದರ ರೆಕ್ಕೆಗಳ ನಡುವೆ ಕೂತು ಪೆಡಲ್ ತುಳಿಯುವ ಹುಡುಗ, ಮುಂದಿನ ಬೆಂಚುಗಳಲ್ಲಿ ಮಕ್ಕಳು ಮರಿ. ಹನ್ನೊಂದು ಗಂಟೆಗೆ ಪಡುವಣ ಗಾಳಿ, ಬಿಸಿಲು, ತೋಳಿಲ್ಲದ ಅಂಗಿ, ಕೈಯಲ್ಲಿ ಐಸ್‌ಕ್ರೀಂ. ಜಾಕೆಟ್ಟು ಸೊಂಟಕ್ಕೆ ಕಟ್ಟಿದೆ. ಮಧ್ಯಾಹ್ನ ಒಂದರ ಸುಮಾರಿಗೆ ಗಾಳಿ ನಿಂತುಬಿಡುತ್ತದೆ. ಒಂದೆಲೆ ಅಲ್ಲಾಡುವುದಿಲ್ಲ (ಎಲೆ ಇನ್ನೂ ಚಿಗುರಿಯೇ ಇಲ್ಲ, ಆ ಮಾತು ಬೇರೆ). ಹತ್ತಿರದ ಕಟ್ಟಡದ ಧ್ವಜ ಕಂಬಕ್ಕೆ ಅಂಟಿಕೊಳ್ಳುತ್ತದೆ. ನೋಡನೋಡುತ್ತ ಅದೇ ಧ್ವಜ ಎದುರು ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ, ಮೂಗಿಗೆ ಉಪ್ಪಿನ ವಾಸನೆ ಬಡಿಯುತ್ತದೆ, ಕೊಳದ ನೀರು ಮುಳ್ಳೇಳುತ್ತದೆ. ಸೊಂಟದ ಜಾಕೆಟ್ಟುಗಳು ಒಂದೊಂದಾಗಿ ಮೈಮೇಲೆ ಏರುತ್ತವೆ. ಐಸ್‌ಕ್ರೀಂ ಕೊಡಿಸಿದ ಅಪ್ಪ ಹೆಂಡತಿಯ ಕಡೆ ನೋಡುವುದಿಲ್ಲ. ಪೆಡಲ್ ತುಳಿಯುವ ಹುಡುಗ ಒಬ್ಬನೇ ಬೆಚ್ಚಗಿರುವವನು.

ಇದರ ಮೇಲೆ ಇನ್ನೊಂದು ತಮಾಷೆ. ಊರಿನ ಅಧಿಕೃತ ಉಷ್ಣತೆ ಅಳೆಯುವ ಥರ್ಮಾಮೀಟರನ್ನು 1936ರಿಂದ ಲೋಗನ್ ವಿಮಾನ ನಿಲ್ದಾಣದಲ್ಲಿ ಇಟ್ಟಿದ್ದಾರೆ. ಆ ನಿಲ್ದಾಣವೋ, ಬಂದರಿನ ನೀರಿನೊಳಕ್ಕೆ ಚಾಚಿಕೊಂಡಿರುವ ಜಾಗ. ಮೂರು ಕಡೆ ಕಡಲು. ಮೂರು ಹೆಜ್ಜೆ ಒಳಗೆ ಜನ ಬೆವರುತ್ತಿದ್ದರೂ ದಾಖಲೆಯಲ್ಲಿ ಬಾಸ್ಟನ್ನು ನಡುಗುತ್ತಿರುತ್ತದೆ. ಹವಾಮಾನದವರು ‘ಐವತ್ತೆರಡು’ ಎಂದರೆ ಒಳನಾಡಿನವರು ನಗುತ್ತಾರೆ, ‘ಅರವತ್ತೆಂಟು’ ಎಂದರೆ ದಂಡೆಯವರು ಬಯ್ಯುತ್ತಾರೆ. ಎರಡೂ ನಿಜ.

ಕಡಲ ಗಾಳಿಯಾದರೂ ಪಾಪ, ಹೇಳಿ ಕೇಳಿ ಬರುವ ಪ್ರಾಣಿ. ಅದಕ್ಕಿಂತ ಕಿಲಾಡಿ ಇನ್ನೊಂದಿದೆ, ‘ಹಿತ್ತಲ ಬಾಗಿಲ ಚಳಿ’. ಹೆಸರು ನನ್ನದಲ್ಲ, ಹವಾಮಾನ ತಜ್ಞರೇ ಗಂಭೀರವಾಗಿ ಹಾಗೆ ಕರೆಯುತ್ತಾರೆ. ಅಮೆರಿಕದಲ್ಲಿ ಹವೆ ಎಂಬುದು ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಗಾಡಿ. ಶಿಕಾಗೋದಲ್ಲಿ ಇವತ್ತಿದ್ದದ್ದು ನಾಳೆಯೋ ನಾಡಿದ್ದೋ ಇಲ್ಲಿಗೆ. ಆದ್ದರಿಂದ ಎಲ್ಲರೂ ಮುಂಬಾಗಿಲಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಆ ಹೊತ್ತಿಗೆ ಕೆನಡಾದ ನೋವಾಸ್ಕೋಷಿಯಾ ಕಡೆ ಅಧಿಕ ಒತ್ತಡದ ಮುದ್ದೆಯೊಂದು ಕುಳಿತು, ತಣ್ಣನೆ ಗಾಳಿಯನ್ನು ಮೇನ್ ಕೊಲ್ಲಿಯ ಮೇಲೆ ಜಾರಿಸಿ, ಈಶಾನ್ಯದಿಂದ ಸದ್ದಿಲ್ಲದೆ ಹಿತ್ತಲಿನಿಂದ ಒಳಗೆ ಬಿಡುತ್ತದೆ. ಒಂದು ಗಂಟೆಯಲ್ಲಿ ಇಪ್ಪತ್ತು ಡಿಗ್ರಿ ಇಳಿದರೂ ಇಳಿಯಿತು. ಒಳನಾಡಿನ ಹಾರ್ಟ್‌ಫರ್ಡಿನಲ್ಲಿ ಜನ ಎಪ್ಪತ್ತೈದರಲ್ಲಿ ಹುಲ್ಲು ಕತ್ತರಿಸುತ್ತಿದ್ದರೆ ಬಾಸ್ಟನ್ನಿನಲ್ಲಿ ನಲವತ್ತೆಂಟು, ಮಂಜು, ತುಂತುರು.

ಇದನ್ನು ಮುಂಚಿತವಾಗಿ ಹಿಡಿಯುವುದು ಏಕೆ ಕಷ್ಟ? ಈ ಚಳಿ ಬಹಳ ತೆಳುವು. ಕೆಲವು ನೂರು ಮೀಟರ್ ದಪ್ಪದ ಗಾಳಿಯ ಹಾಳೆಯೊಂದು ನೆಲಕ್ಕೆ ಮೈ ಸವರಿಕೊಂಡು ಬರುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಆರಾಮವಾಗಿ ಹಾಗೆಯೇ ಇರುತ್ತದೆ. ಸಾಧಾರಣ ಗುಡ್ಡ ಅಡ್ಡ ಬಂದರೂ ಈ ಚಳಿಯ ಹಾಳೆ ಹಿಂಜರಿದು ನಿಲ್ಲಬಹುದು. ಭೂಮಿಯನ್ನು ಚೌಕ ಚೌಕವಾಗಿ ಸೀಳಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಿಗೆ ಇಷ್ಟು ತೆಳುವಾದದ್ದು ಸರಿಯಾಗಿ ಕಾಣುವುದಿಲ್ಲ. ಅಮೆರಿಕದ ಮಾದರಿ ‘ಬಿಸಿಲು’ ಎಂದರೆ ಯುರೋಪಿನ ಮಾದರಿ ‘ಮಂಜು’ ಎನ್ನುತ್ತದೆ. ಬಾಸ್ಟನ್ನಿನ ಮುನ್ಸೂಚನೆ ಬರೆಯುವ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿ ಊರಿನಲ್ಲಿಲ್ಲ, ದಕ್ಷಿಣದ ನಾರ್ಟನ್ ಎಂಬ ಸಣ್ಣ ಊರಿನಲ್ಲಿದೆ. ಅಲ್ಲಿ ರಾತ್ರಿ ಪಾಳಿಯಲ್ಲಿ ಕೂತವರು ಆ ಚಳಿಯ ಗಡಿಗೆರೆ ಇಪ್ಪತ್ತು ಮೈಲಿ ಆಚೆಗೋ ಈಚೆಗೋ ಎಂದು ಒಂದನ್ನು ಆರಿಸಬೇಕು. ಇಪ್ಪತ್ತು ಮೈಲಿ ತಪ್ಪಿದರೆ ಇಪ್ಪತ್ತೈದು ಡಿಗ್ರಿ ತಪ್ಪಿತು. ಬೆಂಗಳೂರಿನಲ್ಲಿ ಇಪ್ಪತ್ತು ಮೈಲಿ ಕ್ಯಾಬ್ ಯಾವಾಗ ಮುಟ್ಟುತ್ತದೆಂದು ಹೇಳಲಾಗದ ನಾವು ಅವರನ್ನು ಬಯ್ಯುತ್ತೇವೆ.

ಈ ಊರಿಗೂ ಹವೆಗೂ ನಂಟು ಹಳೆಯದು. ಇಲ್ಲೇ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನ್ 1743ರಲ್ಲಿ ಫಿಲಡೆಲ್ಫಿಯಾದಲ್ಲಿ ಚಂದ್ರಗ್ರಹಣ ನೋಡಲು ಕಾದು ಕೂತಿದ್ದ. ಈಶಾನ್ಯದ ಗಾಳಿಮಳೆ ಬಂದು ಆಕಾಶ ಮುಚ್ಚಿತು. ಗಾಳಿ ಈಶಾನ್ಯದಿಂದ ಬಂದದ್ದರಿಂದ ಬಾಸ್ಟನ್ನಿನಲ್ಲಿ ಮಳೆ ಮೊದಲೇ ಹೊಡೆದಿರಬೇಕು ಎಂದುಕೊಂಡ. ಅಣ್ಣನನ್ನು ವಿಚಾರಿಸಿದರೆ, ಅಲ್ಲಿ ಗ್ರಹಣ ಚೆನ್ನಾಗಿ ಕಂಡಿತು, ಮಳೆ ಬಂದದ್ದು ಆಮೇಲೆ! ಗಾಳಿ ಬೀಸುವ ದಿಕ್ಕೇ ಬೇರೆ, ಬಿರುಗಾಳಿ ನಡೆಯುವ ದಿಕ್ಕೇ ಬೇರೆ ಎಂದು ಫ್ರಾಂಕ್ಲಿನ್ ಕಂಡುಕೊಂಡದ್ದು ಹೀಗೆ. ಗ್ರಹಣ ತಪ್ಪಿದರೆ ನಮ್ಮಲ್ಲಿ ಸ್ನಾನ ಮಾಡಿ ಮಲಗುತ್ತಾರೆ, ಈತ ಕಾಗದ ಬರೆಯುತ್ತ ಕೂತ. ಮಾರ್ಕ್ ಟ್ವೇನ್ ಇನ್ನೊಂದು ರೀತಿ. 1876ರಲ್ಲಿ ನ್ಯೂ ಇಂಗ್ಲೆಂಡಿನವರ, ಅಂದರೆ ಬಾಸ್ಟನ್ ಇರುವ ಈ ಸೀಮೆಯವರ, ಔತಣಕೂಟದಲ್ಲಿ ಎದ್ದು ನಿಂತು, ಇಲ್ಲಿನ ವಸಂತದ ಒಂದೇ ದಿನದಲ್ಲಿ 136 ಬಗೆಯ ಹವೆ ಎಣಿಸಿದ್ದೇನೆ ಎಂದು ಅವರ ಊಟ ಮಾಡುತ್ತಲೇ ಅವರನ್ನು ಗೇಲಿ ಮಾಡಿದ. ಆಗ ಸರ್ಕಾರದ ಮುನ್ಸೂಚನೆಗೆ ‘ಸಂಭಾವ್ಯತೆಗಳು’ ಎಂದೇ ಹೆಸರಿತ್ತು, ಅದನ್ನು ಬರೆಯುತ್ತಿದ್ದ ಕ್ಲೀವ್‌ಲೆಂಡ್ ಅಬೆಗೆ ‘ಮುದಿ ಸಂಭಾವ್ಯತೆ’ ಎಂದು ಅಡ್ಡಹೆಸರು ಬಿದ್ದಿತ್ತು. ಬಯ್ಗುಳಕ್ಕೆ ಕಡಿಮೆಯೆಂದರೂ ನೂರೈವತ್ತು ವರ್ಷ.

ನಮ್ಮಲ್ಲಿ ಖಚಿತವಾಗಿ ಏನೂ ಹೇಳದವರನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟವರು ಎನ್ನುತ್ತೇವೆ. ಬಾಸ್ಟನ್ನಿನವರು ಆ ದೀಪವನ್ನು ನಿಜವಾಗಿಯೂ ಇಟ್ಟರು, 26 ಮಹಡಿಯ ಕಟ್ಟಡದ ನೆತ್ತಿಯ ಮೇಲೆ. ಹಳೆಯ ಜಾನ್ ಹ್ಯಾನ್‌ಕಾಕ್ ವಿಮಾ ಕಟ್ಟಡದ ತುದಿಯಲ್ಲಿ 1950ರಿಂದ ಹವಾಮಾನದ ದೀಪವೊಂದು ಉರಿಯುತ್ತಿದೆ. ನೀಲಿ ಸುಮ್ಮನೆ ಉರಿದರೆ ಆಕಾಶ ಶುಭ್ರ, ಮಿನುಗಿದರೆ ಮೋಡ. ಕೆಂಪು ಸುಮ್ಮನೆ ಉರಿದರೆ ಮಳೆ, ಮಿನುಗಿದರೆ ಹಿಮ. ಮಕ್ಕಳಿಗೆ ನೆನಪಿರಲೆಂದು ಇದಕ್ಕೊಂದು ಪ್ರಾಸಪದ್ಯವೂ ಇದೆ. ಊರಿನ ಮುದುಕರಿಗೆ ಹೆಂಡತಿಯ ಹುಟ್ಟುಹಬ್ಬ ಮರೆತರೂ ಅದು ಮರೆಯುವುದಿಲ್ಲ. ಬೇಸ್‌ಬಾಲ್ ಕಾಲದಲ್ಲಿ ಹಿಮ ಎಲ್ಲಿ ಬಂದೀತು ಎಂಬ ಧೈರ್ಯದ ಮೇಲೆ, ಆ ತಿಂಗಳುಗಳಲ್ಲಿ ಮಿನುಗುವ ಕೆಂಪಿಗೆ ‘ಊರಿನ ತಂಡ ರೆಡ್ ಸಾಕ್ಸ್‌ನ ಆಟ ರದ್ದು’ ಎಂದು ಅರ್ಥ ಕೊಟ್ಟರು. ಧೈರ್ಯ ಮೆಚ್ಚಬೇಕು. ಏಪ್ರಿಲ್‌ನಲ್ಲಿ ಕೆಂಪು ಮಿನುಗಿದರೆ ಹಿಮ ಬಿತ್ತೋ ಆಟ ನಿಂತಿತೋ ಎಂದು ಯೋಚಿಸುವ ಅಗತ್ಯವೇ ಇಲ್ಲ, ಎರಡೂ ಆಗಿರಬಹುದು. ನನ್ನ ತಕರಾರು ಬೇರೆ. ನಾಲ್ಕು ಸಂಕೇತ ಇಟ್ಟವರು ಮೂಡಣ ಗಾಳಿಗೆಂದು ಒಂದನ್ನೂ ಇಡಲಿಲ್ಲ. ಆಕಾಶ ಶುಭ್ರ ಎಂದು ನೀಲಿ ದೀಪ ಉರಿಯುತ್ತಿರುತ್ತದೆ, ಅದರ ಕೆಳಗೆ ಜನ ಹಲ್ಲು ಕಟಕಟಿಸುತ್ತಿರುತ್ತಾರೆ.

ಏಪ್ರಿಲ್‌ನಲ್ಲಿ ಹಿಮವೇ ಎಂದು ಹುಬ್ಬೇರಿಸಬೇಡಿ. 1997ರಲ್ಲಿ ಈಸ್ಟರ್ ಭಾನುವಾರ ಬಂದದ್ದು ಮಾರ್ಚ್ 30ಕ್ಕೆ. ಹಿತವಾದ ಬಿಸಿಲು, ಅರವತ್ತು ದಾಟಿದ ಉಷ್ಣತೆ. ಜನ ಸಲಿಕೆಗಳನ್ನು ಅಟ್ಟಕ್ಕೆ ಎಸೆದರು. ಮಾರನೆಯ ದಿನ ಶುರುವಾದ ಹಿಮ ಏಪ್ರಿಲ್ 1ರ ಹೊತ್ತಿಗೆ ಬಾಸ್ಟನ್ನಿನಲ್ಲಿ 25.4 ಇಂಚು, ವುಸ್ಟರ್‌ನಲ್ಲಿ 33 ಇಂಚು. ಆ ಬಿರುಗಾಳಿಗೆ ಏಪ್ರಿಲ್ ಫೂಲ್ ಎಂದೇ ಹೆಸರಾಯಿತು. ಯಾರು ಫೂಲ್ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದವರ ಮೇಲೆ ನಂಬಿಕೆ ಇಲ್ಲದವರಿಗೆ ಬೇರೆ ದಾರಿಗಳಿವೆ. ಫೆಬ್ರವರಿ 2ರಂದು ನೆಲದ ಬಿಲದಿಂದ ಒಂದು ದಢೂತಿ ಪ್ರಾಣಿಯನ್ನು, ಗ್ರೌಂಡ್‌ಹಾಗ್ ಎನ್ನುತ್ತಾರೆ, ಹೊರಗೆ ತರುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಇನ್ನು ಆರು ವಾರ ಚಳಿ, ಕಾಣದಿದ್ದರೆ ವಸಂತ ಬೇಗ. ಬಾಸ್ಟನ್ ಇರುವ ಮಸಾಚುಸೆಟ್ಸ್ ರಾಜ್ಯ 2014ರಲ್ಲಿ ತನ್ನದೇ ಅಧಿಕೃತ ಪ್ರಾಣಿಯನ್ನು ನೇಮಿಸಿಕೊಂಡಿತು. ಲಿಂಕನ್ ಊರಿನ ಡ್ರಮ್ಲಿನ್ ಫಾರ್ಮಿನಲ್ಲಿರುವ ಅದರ ಹೆಸರು ಮಿಸ್ ಜಿ. ಫೆಬ್ರವರಿ 2ಕ್ಕೆ ಆರು ವಾರ ಕೂಡಿಸಿದರೆ ಮಾರ್ಚ್ ನಡುವಿಗೆ ಬರುತ್ತದೆ. ಬಾಸ್ಟನ್ನಿಗೆ ಮಾರ್ಚ್ ನಡುವೆ ವಸಂತ ಬಂದರೆ ಅದೇ ‘ಬೇಗ’. ಹೀಗೆ ಹೇಗೆ ಹೇಳಿದರೂ ಆ ಪ್ರಾಣಿಗೆ ಸೋಲಿಲ್ಲ.

ಇನ್ನು ಓಲ್ಡ್ ಫಾರ್ಮರ್ಸ್ ಅಲ್ಮನಾಕ್. 1792ರಲ್ಲಿ ರಾಬರ್ಟ್ ಥಾಮಸ್ ಶುರು ಮಾಡಿದ್ದು, ಈಗಲೂ ನ್ಯೂ ಹ್ಯಾಂಪ್‌ಶೈರ್‌ನ ಡಬ್ಲಿನ್ನಿನಿಂದ ಪ್ರತಿವರ್ಷ ಹೊರಡುತ್ತದೆ. ನಮ್ಮ ಅಡುಗೆಮನೆಯ ಪಂಚಾಂಗದಂತೆ ಮೊಳೆಗೆ ನೇತುಹಾಕಲು ಮೂಲೆಯಲ್ಲೊಂದು ತೂತು. ಅದರ ಹವಾಮಾನ ಸೂತ್ರ ರಹಸ್ಯ, ಕರಿಯ ಪೆಟ್ಟಿಗೆಯೊಂದರಲ್ಲಿ ಬೀಗ ಹಾಕಿ ಇಟ್ಟಿದ್ದಾರಂತೆ. ಶೇಕಡಾ 80 ನಿಜವಾಗುತ್ತದೆ ಎಂಬುದು ಅವರ ಹೇಳಿಕೆ. ಹೊರಗಿನವರು ಕೂತು ಲೆಕ್ಕ ಹಾಕಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅಂದರೆ ನಾಣ್ಯ ಚಿಮ್ಮಿದಷ್ಟು. ಆದರೂ ಯಾರೂ ಅಲ್ಮನಾಕನ್ನು ಬಯ್ಯುವುದಿಲ್ಲ. ತಪ್ಪಿದರೆ ಬಯ್ಗುಳ ತಿನ್ನುವುದು ವಿಜ್ಞಾನ ಓದಿದವರು ಮಾತ್ರ.

ವಿಜ್ಞಾನ ಓದಿದವರಲ್ಲಿ ಒಬ್ಬರು ಪ್ರಾಮಾಣಿಕವಾಗಿ ‘ಇದು ಆಗುವ ಕೆಲಸವಲ್ಲ’ ಎಂದರು. ಅವರೂ ಈ ಹವೆಯಲ್ಲೇ ಬೆಳೆದವರು. ಎಡ್ವರ್ಡ್ ಲೊರೆಂಜ್ ಹುಟ್ಟಿದ್ದು 1917ರಲ್ಲಿ, ಪಕ್ಕದ ಕನೆಕ್ಟಿಕಟ್‌ನ ವೆಸ್ಟ್ ಹಾರ್ಟ್‌ಫರ್ಡಿನಲ್ಲಿ. ದುಡಿದದ್ದು ಬಾಸ್ಟನ್ನಿನ ನದಿಯಾಚೆ ಎಂಐಟಿಯಲ್ಲಿ. 1961ರಲ್ಲಿ ಕಂಪ್ಯೂಟರಿನಲ್ಲಿ ಒಂದು ಆಟದ ಹವಾಮಾನ ಓಡಿಸುತ್ತಿದ್ದರು. ಹಳೆಯ ಲೆಕ್ಕವೊಂದನ್ನು ನಡುವಿನಿಂದ ಮತ್ತೆ ಓಡಿಸೋಣವೆಂದು, ಅಚ್ಚಾಗಿದ್ದ ಹಾಳೆ ನೋಡಿ 0.506 ಎಂದು ಒತ್ತಿ, ಕಾಫಿ ಕುಡಿಯಲು ಹೋದರು. ಯಂತ್ರದ ಒಳಗಿದ್ದ ನಿಜವಾದ ಸಂಖ್ಯೆ 0.506127. ವಾಪಸು ಬಂದು ನೋಡಿದರೆ ಎರಡು ಲೆಕ್ಕದ ಹವೆಗಳಿಗೂ ಅಕ್ಕತಂಗಿಯರ ಹೋಲಿಕೆಯೂ ಉಳಿದಿರಲಿಲ್ಲ. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಹೋಗಹೋಗುತ್ತ ಎಲ್ಲ ಅಡಿಮೇಲು ಎಂದು 1963ರಲ್ಲಿ ಪ್ರಬಂಧ ಬರೆದರು. ಚಿಟ್ಟೆ ರೆಕ್ಕೆ ಬಡಿದರೆ ಇನ್ನೆಲ್ಲೋ ಬಿರುಗಾಳಿ ಎದ್ದೀತು ಎಂಬ ಮಾತು ಬಂದದ್ದು ಆಮೇಲೆ. ಎರಡು ವಾರದ ಆಚೆ ಇಂಥ ದಿನ ಇಂಥ ಹವೆ ಎಂದು ಹೇಳುವುದು ಹೆಚ್ಚುಕಡಿಮೆ ಆಗದ ಮಾತು ಎಂಬುದು ಈಗ ಎಲ್ಲರೂ ಒಪ್ಪಿದ ವಿಚಾರ. ಎಲ್ಲರೂ ಎಂದರೆ ಫೋನಿನ ಆಪ್ ಬಿಟ್ಟು. ಅದು ಮುಂದಿನ ತಿಂಗಳ ಗುರುವಾರ ಮಧ್ಯಾಹ್ನ 61 ಡಿಗ್ರಿ ಎಂದು ಪುಟ್ಟ ಸೂರ್ಯನ ಚಿತ್ರ ಹಾಕಿ ತೋರಿಸುತ್ತದೆ. ನಮ್ಮವರು ಅದನ್ನು ನಂಬಿ ಸೀಮಂತಕ್ಕೆ ಪಾರ್ಕ್ ಬುಕ್ ಮಾಡುತ್ತಾರೆ.

ಮುನ್ಸೂಚನೆಯವರ ನಿಜವಾದ ಪರೀಕ್ಷೆ ಏಪ್ರಿಲ್‌ನ ಮೂರನೆಯ ಸೋಮವಾರ. ಅಂದು ಪೇಟ್ರಿಯಟ್ಸ್ ಡೇ ರಜೆ, ಬಾಸ್ಟನ್ ಮ್ಯಾರಥಾನ್. ಓಟ ಶುರುವಾಗುವುದು ಒಳನಾಡಿನ ಹಾಪ್‌ಕಿಂಟನ್ನಿನಲ್ಲಿ, ಮುಗಿಯುವುದು ಕಡಲ ಬುಡದ ಬಾಸ್ಟನ್ನಿನಲ್ಲಿ, 26.2 ಮೈಲಿ, ಪಶ್ಚಿಮದಿಂದ ಪೂರ್ವಕ್ಕೆ. ಅಂದರೆ ಓಟಗಾರರು ಒಂದು ಹವಾಮಾನದಿಂದ ಹೊರಟು ಇನ್ನೊಂದಕ್ಕೆ ಓಡುತ್ತಾರೆ. 1976ರಲ್ಲಿ ಹೊರಡುವ ಜಾಗದಲ್ಲಿ ನೂರು ಡಿಗ್ರಿಯ ಸಮೀಪ ಇತ್ತು. ದಾರಿಯುದ್ದಕ್ಕೂ ಮನೆಯವರು ತೋಟದ ಪೈಪು ಹಿಡಿದು ಓಟಗಾರರ ಮೇಲೆ ನೀರೆರಚಿದರು. ಗೆದ್ದ ಜ್ಯಾಕ್ ಫುಲ್ಟ್ಸ್ ತೊಯ್ದು ತೊಪ್ಪೆಯಾಗಿ ಬಂದರು. ಕಡಲು ಹತ್ತಿರವಾದಂತೆ ಮಾತ್ರ ಗಾಳಿ ತಂಪಾಗುತ್ತ ಹೋಯಿತಂತೆ. ಆ ಒಂದು ಸಲವಾದರೂ ಮೂಡಣ ಗಾಳಿಗೆ ಪುಣ್ಯ ಬಂತು. 2012ರಲ್ಲಿ ಮತ್ತೆ ಎಂಬತ್ತರ ಮೇಲೆ. ಸಂಘಟಕರೇ, ಬೇಡವೆನಿಸಿದವರು ಮುಂದಿನ ವರ್ಷ ಓಡಿ ಎಂದರು.

2018ರದು ತದ್ವಿರುದ್ಧ. ನಲವತ್ತರ ಆಸುಪಾಸು, ಧೋ ಎಂದು ಮಳೆ, ಇಡೀ ದಾರಿ ಎದೆಗೆ ಗುದ್ದುವ ಎದುರುಗಾಳಿ. ಗಾಳಿ ಪೂರ್ವದ್ದು, ಓಟ ಪೂರ್ವಕ್ಕೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ಬಿಟ್ಟು ಕೂತರು. ಹೆಂಗಸರಲ್ಲಿ ಡೆಸಿರೆ ಲಿಂಡೆನ್ ಗೆದ್ದರು, 1985ರ ನಂತರ ಗೆದ್ದ ಮೊದಲ ಅಮೆರಿಕನ್ ಮಹಿಳೆ. ಗಂಡಸರಲ್ಲಿ ಗೆದ್ದದ್ದು ಜಪಾನಿನ ಯುಕಿ ಕವಾಉಚಿ, ಸೈತಾಮಾ ಪ್ರಾಂತದ ಸರ್ಕಾರಿ ಗುಮಾಸ್ತ! ಆಗ ಕಚೇರಿಗೆ ಹೋಗುವ ಮುಂಚೆ ಓಡಿ ಅಭ್ಯಾಸ ಮಾಡುತ್ತಿದ್ದ ಮನುಷ್ಯ. ಈ ಹವೆ ತನಗೆ ಬಹಳ ಅನುಕೂಲ ಎಂದರಂತೆ. ಎಲ್ಲ ಬಗೆಯ ವಿಪರೀತಕ್ಕೂ ಒಗ್ಗಿಹೋದವರು ಸರ್ಕಾರಿ ನೌಕರರೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಮುನ್ಸೂಚನೆಯನ್ನು ಬಯ್ಯದೆ, ಅದಕ್ಕಾಗಿ ಕಾದು ಕೂರುವ ಜನವೂ ಇದ್ದಾರೆ. ಬಾಸ್ಟನ್ನಿನ ದಕ್ಷಿಣಕ್ಕೆ, ಕೇಪ್ ಕಾಡ್ ದಾರಿಯಲ್ಲಿ, ಕ್ರ್ಯಾನ್‌ಬೆರಿ ಬೆಳೆಯುವ ಜೌಗು ಗದ್ದೆಗಳಿವೆ. ತಗ್ಗು ಜಾಗ. ಮೋಡವಿಲ್ಲದ, ಗಾಳಿಯಿಲ್ಲದ ವಸಂತದ ರಾತ್ರಿ ತಣ್ಣನೆ ಗಾಳಿ ಅಲ್ಲೇ ಮಡುಗಟ್ಟುತ್ತದೆ. ರಸ್ತೆಯ ಮೇಲೆ ಹೆಪ್ಪು ಇಲ್ಲದಿದ್ದರೂ ಗದ್ದೆಯಲ್ಲಿ ಮೊಗ್ಗು ಸುಟ್ಟುಹೋಗುತ್ತದೆ. ಅದಕ್ಕೇ ಬೆಳೆಗಾರರ ಸಂಘ ಬಹಳ ಹಿಂದಿನಿಂದ ತನ್ನದೇ ಹೆಪ್ಪಿನ ಎಚ್ಚರಿಕೆ ಕೊಡಿಸುತ್ತದೆ. ಎಚ್ಚರಿಕೆ ಬಂದ ರಾತ್ರಿ ರೈತ ನಡುರಾತ್ರಿಯಲ್ಲಿ ಎದ್ದು, ಟಾರ್ಚು ಹಿಡಿದು, ಪಂಪು ಹಾಕಿ ಇಡೀ ಗದ್ದೆಗೆ ನೀರು ಸಿಂಪಡಿಸುತ್ತಾನೆ. ಬೆಳಿಗ್ಗೆ ಹೋಗಿ ನೋಡಿದರೆ ಪ್ರತಿ ಮೊಗ್ಗಿಗೂ ಗಾಜಿನಂಥ ಮಂಜುಗಡ್ಡೆಯ ಕವಚ. ನೀರು ಗಡ್ಡೆಕಟ್ಟುವಾಗ ಬಿಡುವ ಶಾಖದಿಂದ ಒಳಗಿನ ಮೊಗ್ಗು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿದು ಬದುಕುತ್ತದೆ. ಸಿಂಪಡಿಸುವುದನ್ನು ಬೇಗ ನಿಲ್ಲಿಸಿದರೆ ಕೆಟ್ಟಿತು. ಈ ರೈತನ ಎದುರಿಗೆ ‘ತಪ್ಪು ಮಾಡಿದರೂ ಸಂಬಳ’ ಎಂಬ ಜೋಕು ಹೇಳಿ ನೋಡಿ.

ಇಲ್ಲಿರುವ ನಮ್ಮ ಕನ್ನಡದವರಿಗೆ ಈ ವಸಂತದ ಜೊತೆ ಬೇರೆ ವ್ಯವಹಾರ. ಯುಗಾದಿ ಬಂತೆಂದರೆ ವಸಂತ ಬಂತು, ಪಂಚಾಂಗ ಹೇಳಿದ ಮೇಲೆ ಮುಗಿಯಿತು. ಹಬ್ಬ ಹಬ್ಬದ ದಿನ ನಡೆಯುವುದಿಲ್ಲ, ಶಾಲೆಯ ಸಭಾಂಗಣ ಸಿಕ್ಕ ಶನಿವಾರ ನಡೆಯುತ್ತದೆ. ರೇಷ್ಮೆ ಸೀರೆಯ ಮೇಲೆ ಗಾದಿಯಂಥ ಜಾಕೆಟ್ಟು, ಕಾಲಿಗೆ ಬೂಟು, ಕೈಚೀಲದಲ್ಲಿ ಚಪ್ಪಲಿ. ವೇದಿಕೆಯ ಮೇಲೆ ಮಕ್ಕಳು ಕೋಗಿಲೆಯಾಗಿ, ಮಾವಿನ ಚಿಗುರಾಗಿ ಕುಣಿಯುತ್ತಿರುತ್ತಾರೆ, ಹೊರಗೆ ಕಾರಿನ ಗಾಜಿನಿಂದ ಹಿಮ ಕೆರೆಯುವ ಸದ್ದು. ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ ಮಾಡುವವರು ಊಟದವರಿಗೆ, ಮೈಕಿನವರಿಗೆ, ಪಾರ್ಕಿಂಗ್ ನೋಡಿಕೊಂಡವರಿಗೆಲ್ಲ ವಂದಿಸುತ್ತಾರೆ. ‘ಮಧ್ಯಾಹ್ನದ ಮೇಲೆ ಹಿಮ, ಬೇಗ ಹೊರಡಿ’ ಎಂದು ಹಿಂದಿನ ದಿನವೇ ಹೇಳಿದ್ದವರಿಗೆ ಮಾತ್ರ ಒಂದು ವಂದನೆಯೂ ಇಲ್ಲ.

ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲಿಕ್ಕೋ ಏಪ್ರಿಲ್‌ನಲ್ಲಿ ಬಾಸ್ಟನ್ನಿಗೆ ಹೊರಟಿರುವ ತಂದೆತಾಯಿಯರಿಗೆ ನನ್ನದೊಂದೇ ಅರಿಕೆ. ಫೋನಿನಲ್ಲಿ ‘ಅಲ್ಲಿ ಈಗ ಎಷ್ಟು ಡಿಗ್ರಿ’ ಎಂದು ಕೇಳಬೇಡಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೇಳಿ. ಮೂಡಣದಿಂದ ಎಂದರೆ ಸ್ವೆಟರ್ ಇಟ್ಟುಕೊಳ್ಳಿ. ಪಡುವಣದಿಂದ ಎಂದರೂ ಇಟ್ಟುಕೊಳ್ಳಿ, ಊಟದ ಹೊತ್ತಿಗೆ ತಿರುಗುತ್ತದೆ. ಅಳಿಯ ನಕ್ಕರೆ ನಗಲಿ, ಮಂಕಿ ಕ್ಯಾಪನ್ನೂ ಬಿಡಬೇಡಿ.